ಇಂಡೊನೇಶಿಯಾದ ಭಾಷೆ, ಸಾಹಿತ್ಯ, ಸಮಾಜ: ಎಂಎಗೆ ಹೊರಡುವ ಮೊದಲು ಊರಲ್ಲೇ ಎಂತ ಓದಿಕೊಳ್ಳಬೇಕು?

ಸುರತ್ಕಲ್ ವಿದ್ಯಾರ್ಥಿ:

ಎಲ್ಲರಿಗೂ ನಮಸ್ಕಾರ. ಬಿಎ ಕೊನೆಯ ವರ್ಷ, ಇತಿಹಾಸ ಮತ್ತು ಕನ್ನಡ ಸಾಹಿತ್ಯ. ಮುಂದೆ ಇಂಡೊನೇಶಿಯಾ ಅಧ್ಯಯನ ಮಾಡುವ ಮನಸ್ಸುಂಟು. ಮಂಗಳೂರು, ಉಡುಪಿ ಕಡೆ ಈ ಭಾಷೆ ಕಲಿಸುವವರು ಸಿಕ್ಕಿಲ್ಲ, ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

ಭಾಷೆ ತುಂಬ ಸುಲಭ ಅಂತ ಎಲ್ಲ ಕಡೆ ಬರೆದಿದ್ದಾರೆ, ನಿಜವಾ? ಕನ್ನಡ, ತುಳು ಮಾತಾಡುವವರಿಗೆ ಎಲ್ಲಿ ತೊಡಕಾಗುತ್ತದೆ? ಸಾಹಿತ್ಯ ಎಲ್ಲಿಂದ ಶುರು ಮಾಡುವುದು? ಅಲ್ಲಿಯೂ ಮಹಾಭಾರತ ಉಂಟಲ್ಲ, ಯಕ್ಷಗಾನ ಮತ್ತು ಅಲ್ಲಿಯ ಗೊಂಬೆಯಾಟ ವಾಯಾಂಗ್ ಹೋಲಿಕೆಯನ್ನೇ ಪ್ರಬಂಧದ ವಿಷಯ ಮಾಡಿಕೊಂಡರೆ ಹೇಗೆ? ಕೊನೆಯದಾಗಿ, ಎಲ್ಲಿ ಓದಬಹುದು, ಕಾಗದಪತ್ರ ಎಂತೆಂತ ಬೇಕು? ಗೊತ್ತಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಬೇರುಪದ:

ಭಾಷೆಯ ಮಟ್ಟಿಗೆ ನಾನು ಹೇಳುತ್ತೇನೆ. ಸುಲಭ ಎನ್ನುವವರು ಮೊದಲ ಎರಡು ತಿಂಗಳ ಮಾತು ಹೇಳುತ್ತಿದ್ದಾರೆ. ಲ್ಯಾಟಿನ್ ಲಿಪಿ, ಲಿಂಗಭೇದ ಇಲ್ಲ, ವಿಭಕ್ತಿ ಇಲ್ಲ, ಕ್ರಿಯಾಪದಕ್ಕೆ ಕಾಲದ ಪ್ರತ್ಯಯವೂ ಇಲ್ಲ. ‘ಸುದಾಹ್’ ಸೇರಿಸಿದರೆ ಆಗಿ ಹೋದದ್ದು, ‘ಸೆದಾಂಗ್’ ಅಂದರೆ ಆಗುತ್ತಾ ಇರುವುದು, ‘ಆಕನ್’ ಅಂದರೆ ಇನ್ನು ಆಗಲಿಕ್ಕಿರುವುದು. ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟು ಬೇಗ ಬರುತ್ತದೆ. ಪತ್ರಿಕೆಯ ಸಂಪಾದಕೀಯ ಓದಲು ಕೂತಾಗ ಮಾತ್ರ ನಿಜವಾದ ಕೆಲಸ ಶುರು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಈ ಭಾಷೆಗೆ 36 ವಾರದ ತರಗತಿ ಇಟ್ಟಿದೆ. ಅದು ಸ್ಪ್ಯಾನಿಷ್‌ಗೆ ಕೊಟ್ಟದ್ದಕ್ಕಿಂತ ಹೆಚ್ಚು, ಜಪಾನೀ ಭಾಷೆಗೆ ಕೊಟ್ಟದ್ದಕ್ಕಿಂತ ತುಂಬ ಕಡಿಮೆ.

ಕಷ್ಟ ಇರುವುದು ಪೂರ್ವಪ್ರತ್ಯಯ, ಅಂತ್ಯಪ್ರತ್ಯಯಗಳಲ್ಲಿ. ‘ಅಜರ್’ ಎಂಬ ಒಂದು ಬೇರು ತೆಗೆದುಕೊಳ್ಳಿ. ಬೆಲಾಜರ್ ಅಂದರೆ ಕಲಿ, ಮೆಙಾಜರ್ ಅಂದರೆ ಕಲಿಸು, ಪೆಲಾಜರ್ ವಿದ್ಯಾರ್ಥಿ, ಪೆಙಾಜರ್ ಕಲಿಸುವವರು, ಪೆಲಾಜರನ್ ಪಾಠ, ಮೆಂಪೆಲಾಜರಿ ಅಂದರೆ ಆಳವಾಗಿ ಅಭ್ಯಾಸ ಮಾಡು. ಇವನ್ನು ಬಿಡಿಬಿಡಿ ಪದಗಳಾಗಿ ಬಾಯಿಪಾಠ ಮಾಡಿದರೆ ಮೂರನೇ ತಿಂಗಳಿಗೆ ಸೋಲುತ್ತೀರಿ. ಬೇರು ಕಲಿತು, ಪ್ರತ್ಯಯ ಎಂತ ಮಾಡುತ್ತದೆ ಎಂದು ನೋಡಿ.

ನಿಘಂಟು ನೋಡಲಿಕ್ಕೂ ಇದೇ ಬೇಕು. ‘ಮೆ’ ಸೇರುವಾಗ ಬೇರಿನ ಮೊದಲ ಅಕ್ಷರ ಪ, ತ, ಕ, ಸ ಆಗಿದ್ದರೆ ಅದು ಬಿದ್ದುಹೋಗಿ ಆ ಜಾಗಕ್ಕೆ ಅನುನಾಸಿಕ ಬರುತ್ತದೆ: ಪುಕುಲ್ (ಹೊಡೆ) ಮೆಮುಕುಲ್ ಆಗುತ್ತದೆ, ತುಲಿಸ್ (ಬರೆ) ಮೆನುಲಿಸ್, ಕಿರಿಮ್ (ಕಳುಹಿಸು) ಮೆಙಿರಿಮ್, ಸಾಪು (ಗುಡಿಸು) ಮೆಞಾಪು. ಬ, ದ, ಗ ಬೀಳುವುದಿಲ್ಲ. ಬಾಚ (ಓದು) ಮೆಂಬಾಚ ಆಗುತ್ತದೆ ಅಷ್ಟೆ. ಹಾಗಾಗಿ ‘ಮೆನುಲಿಸ್’ ಕಂಡವರು ‘ಉಲಿಸ್’, ‘ನುಲಿಸ್’ ಎಂದು ಹುಡುಕಿದರೆ ಸಿಗದು, ‘ತುಲಿಸ್’ ಎಂದೇ ಹುಡುಕಬೇಕು. ಕೆಬಿಬಿಐ ಎಂಬ ಅವರ ಸರಕಾರಿ ಮಹಾನಿಘಂಟು (ಮೊದಲ ಮುದ್ರಣ 1988) ಆನ್‌ಲೈನಿನಲ್ಲಿ ಪುಕ್ಕಟೆ ಉಂಟು. ಇಂಗ್ಲಿಷಿನಲ್ಲಿ ವ್ಯಾಕರಣ ಬೇಕಾದರೆ ಸ್ನೆಡ್ಡನ್ ಅವರದ್ದು ಸಾಕು.

‘-ಕನ್’ ಮತ್ತು ‘-ಇ’ ಎಂಬ ಅಂತ್ಯಪ್ರತ್ಯಯಗಳ ಗೊಂದಲ ಎರಡನೇ ವರ್ಷದವರನ್ನೂ ಬಿಡುವುದಿಲ್ಲ. ನಮಗೆ ಒಂದು ಅನುಕೂಲ ಉಂಟು: ‘-ಕನ್’ ಅನೇಕ ಕಡೆ ಕನ್ನಡದ ‘-ಇಸು’ವಿನ ಕೆಲಸ ಮಾಡುತ್ತದೆ. ‘ದುದುಕ್’ ಅಂದರೆ ಕೂರು, ‘ಮೆಂದುದುಕ್ಕನ್’ ಅಂದರೆ ಕೂರಿಸು. ‘-ಇ’ ಬಂದರೆ ಕ್ರಿಯೆ ನಡೆಯುವ ಜಾಗವೇ ಕರ್ಮವಾಗುತ್ತದೆ. ‘ಮೆಂದುದುಕಿ’ ಅಂದರೆ ಒಂದು ಜಾಗದ ಮೇಲೆ ಕೂರು, ಅಲ್ಲಿಂದ ಮುಂದೆ ಹುದ್ದೆಯಲ್ಲಿ ಇರು, ದೇಶವನ್ನು ಆಕ್ರಮಿಸಿಕೋ. ಇತಿಹಾಸದ ಪ್ರಬಂಧದಲ್ಲಿ ಇದು ತಪ್ಪಿದರೆ ವಾಕ್ಯದ ಅರ್ಥವೇ ಹೋಯಿತು.

ಕರ್ಮ ಮುಂದೆ ಬರುವ ವಾಕ್ಯಗಳಿಗೆ ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಣೆ ಕೊಡುತ್ತವೆ. ‘ಬುಕು ಇತು ಸುದಾಹ್ ಸಾಯ ಬಾಚ’, ಆ ಪುಸ್ತಕ ನಾನು ಓದಿ ಆಗಿದೆ. ನಾವು ದಿನಾ ಹೀಗೆ ಮಾತಾಡುತ್ತೇವೆ, ಆದ್ದರಿಂದ ಭಾವ ಕೂಡಲೇ ಹಿಡಿಯುತ್ತದೆ. ನಿಯಮ ಒಂದೇ: ‘ಸಾಯ’ ಮತ್ತು ‘ಬಾಚ’ ನಡುವೆ ಏನೂ ತೂರಿಸಬಾರದು, ಕ್ರಿಯಾಪದಕ್ಕೆ ‘ಮೆ’ ಹಚ್ಚಬಾರದು. ‘ಸಾಯ ಸುದಾಹ್ ಬಾಚ’ ಎಂದು ಬರೆದರೆ ಅಂಕ ಕಳೆಯುತ್ತಾರೆ.

ತುಳು ಬರುವವರಿಗೆ ಇನ್ನೊಂದು ಲಾಭ. ಕೇಳುವವರನ್ನೂ ಸೇರಿಸಿ ‘ನಾವು’ ಅಂದರೆ ‘ಕಿತ’, ಅವರನ್ನು ಬಿಟ್ಟು ಹೇಳಿದರೆ ‘ಕಾಮಿ’. ತುಳುವಿನ ‘ನಮ’, ‘ಎಂಕುಳು’ ಇದ್ದ ಹಾಗೆಯೇ. ಮನೆಯಲ್ಲಿ ತುಳು ಇದ್ದರೆ ಇದಕ್ಕೆ ಸಮಯ ಕೊಡುವುದೇ ಬೇಡ.

ನಮಗೆ ತಪ್ಪುವುದು ಪದಕ್ರಮ. ‘ದೊಡ್ಡ ಮನೆ’ ಅಲ್ಲಿ ‘ಮನೆ ದೊಡ್ಡ’, ರೂಮಾಹ್ ಬೆಸರ್. ‘ನನ್ನ ಮನೆ’ ಅಲ್ಲಿ ‘ಮನೆ ನಾನು’, ರೂಮಾಹ್ ಸಾಯ. ಉದ್ದದ ನಾಮಪದಗಳಲ್ಲಿ ಇದು ಪೂರ್ತಿ ಹಿಂದುಮುಂದಾಗುತ್ತದೆ, ಬರೆದು ಬರೆದೇ ರೂಢಿಯಾಗಬೇಕು. ಉಚ್ಚಾರದಲ್ಲಿ ಪದದ ಕೊನೆಗೆ ‘ಉ’ ಸೇರಿಸುವ ನಮ್ಮ ಅಭ್ಯಾಸ ಬಿಡಿ; ‘ರೂಮಾಹ್’ ಕೊನೆಯ ಹಕಾರ ಕೇಳಬೇಕು. ಕೊನೆಯ ಕಕಾರವನ್ನು ಗಂಟಲಲ್ಲೇ ನಿಲ್ಲಿಸುತ್ತಾರೆ. ‘e’ ಎಂಬ ಲ್ಯಾಟಿನ್ ಅಕ್ಷರಕ್ಕೆ ಎರಡು ಉಚ್ಚಾರ, ಬರಹದಲ್ಲಿ ಭೇದ ತೋರಿಸುವುದಿಲ್ಲ. ನಾನು ಇಲ್ಲಿ ‘ಮೆ’ ಎಂದು ಬರೆದದ್ದು ನಿಜವಾಗಿ ‘ಮ’ಕ್ಕೆ ಹತ್ತಿರ, ಆದ್ದರಿಂದ ಕನ್ನಡದಲ್ಲಿ ಬರೆದಿಟ್ಟುಕೊಂಡು ಕಲಿಯಬೇಡಿ, ಕೇಳಿ ಕಲಿಯಿರಿ. ಆರ್‌ಆರ್‌ಐ ಎಂಬ ಅವರ ಆಕಾಶವಾಣಿಯ ವಾರ್ತೆ ಒಳ್ಳೆಯದು.

ಸಂಸ್ಕೃತ ಮೂಲದ ಪದಗಳು ರಾಶಿ ಇವೆ, ಆದರೆ ನಂಬಿ ಕೂರಬೇಡಿ. ‘ಆಚಾರ’ ಅಲ್ಲಿ ಕಾರ್ಯಕ್ರಮ, ‘ಬಿಚಾರ’ ಅಂದರೆ ಮಾತಾಡು, ‘ನೆಗಾರ’ ದೇಶ, ‘ಕಾತ’ ಅಂದರೆ ಪದ, ‘ಸುಆಮಿ’ ಗಂಡ. ಪೋರ್ಚುಗೀಸಿನಿಂದ ಬಂದವು ನಮಗೆ ಹೆಚ್ಚು ಹತ್ತಿರ: ಮೇಜಿಗೆ ‘ಮೆಜ’, ಇಗರ್ಜಿಗೆ ‘ಗೆರೆಜ’.

ದಡದ ಓದು:

ಸಾಹಿತ್ಯ, ಸಮಾಜದ ಪ್ರಶ್ನೆಗೆ ಬರುತ್ತೇನೆ. ವಾಯಾಂಗ್ ವಿಷಯ ಬೇಡ ಎನ್ನುವುದಿಲ್ಲ, ಆದರೆ ಅದರಿಂದ ಶುರು ಮಾಡಬೇಡಿ. ಇಲ್ಲಿಂದ ಹೋಗುವವರು ಇಂಡೊನೇಶಿಯಾವನ್ನು ನಮ್ಮ ಪುರಾಣದ ವಿಸ್ತರಣೆ ಎಂದೇ ನೋಡುತ್ತಾರೆ. ಬಹುಸಂಖ್ಯಾತರು ಮುಸ್ಲಿಮರಿರುವ, 2020ರ ಜನಗಣತಿಯಲ್ಲಿ 27 ಕೋಟಿ ದಾಟಿದ, 700ಕ್ಕೂ ಹೆಚ್ಚು ಭಾಷೆಗಳ ದೇಶ ಅದು. ಪ್ರವೇಶಕ್ಕೆ ಬರೆಯುವ ಉದ್ದೇಶಪತ್ರದಲ್ಲಿ ‘ಭಾರತದ ಪ್ರಭಾವ’ ಒಂದೇ ಇದ್ದರೆ ಓದುವ ಪ್ರಾಧ್ಯಾಪಕರಿಗೆ ನೀವು ಆ ದೇಶವನ್ನು ಇನ್ನೂ ನೋಡಿಲ್ಲ ಎಂದು ಗೊತ್ತಾಗುತ್ತದೆ.

ಮೊದಲು 20ನೇ ಶತಮಾನ ಗಟ್ಟಿ ಮಾಡಿ. 1928ರ ಅಕ್ಟೋಬರ್ 28ರ ಯುವಜನರ ಪ್ರತಿಜ್ಞೆಯಲ್ಲಿ, ಅತಿ ಹೆಚ್ಚು ಜನರ ಮನೆಮಾತಾಗಿದ್ದ ಜಾವಾ ಭಾಷೆಯನ್ನು ಬಿಟ್ಟು ವ್ಯಾಪಾರದ ಮಲಯ್ ಭಾಷೆಯನ್ನು ಐಕ್ಯದ ಭಾಷೆ ಎಂದು ಆರಿಸಿದರು; ಅದೇ ಇಂದಿನ ಇಂಡೊನೇಶಿಯನ್. ಯಾಕೆ ಎಂಬ ಪ್ರಶ್ನೆ ಇಟ್ಟುಕೊಂಡೇ ಓದಿ. ಜಾವಾ ಭಾಷೆಯಲ್ಲಿ ಎದುರಿನವರ ಅಂತಸ್ತಿಗೆ ತಕ್ಕಂತೆ ಪದಗಳೇ ಬದಲಾಗುತ್ತವೆ, ಮಲಯ್‌ನಲ್ಲಿ ಆ ಭಾರ ಇರಲಿಲ್ಲ, ಬಂದರುಗಳಲ್ಲಿ ಅದಾಗಲೇ ಓಡಾಡುತ್ತಿತ್ತು. ಆಮೇಲೆ 1945ರ ಸ್ವಾತಂತ್ರ್ಯ ಘೋಷಣೆ ಮತ್ತು ಪಂಚಶೀಲ (ಆ ದೇಶದ ಐದು ಮೂಲತತ್ವಗಳು), 1965-66ರ ಹತ್ಯಾಕಾಂಡ, ಅಧ್ಯಕ್ಷ ಸುಹಾರ್ತೊ ಆಡಳಿತ, 1998ರ ಮೇ ತಿಂಗಳಲ್ಲಿ ಅದರ ಪತನ. ಈ ನಾಲ್ಕು ಗೊತ್ತಿಲ್ಲದೆ ಆಧುನಿಕ ಕಾದಂಬರಿ ಕೈಗೆತ್ತಿಕೊಂಡರೆ ಅರ್ಧ ಪುಟಗಳು ಕತ್ತಲೆ.

ಸಾಹಿತ್ಯ ಚರಿತ್ರೆಯನ್ನು ಅಲ್ಲಿ ‘ಅಂಗ್ಕಾತನ್’, ಅಂದರೆ ಪೀಳಿಗೆಗಳಾಗಿ ಕಲಿಸುತ್ತಾರೆ: ಬಾಲಾಯ್ ಪುಸ್ತಕ, ಪುಜಂಗ್ಗ ಬಾರು, 45ರ ಪೀಳಿಗೆ, 66ರ ಪೀಳಿಗೆ. ನವೋದಯ, ನವ್ಯ ಎಂದು ಕಲಿತವರಿಗೆ ಇದು ಹಿತವಾಗಿಯೇ ಇರುತ್ತದೆ. ತೊಂದರೆ ಎಂತ ಅಂದರೆ ಬಾಲಾಯ್ ಪುಸ್ತಕ ಡಚ್ ಸರಕಾರದ ಪ್ರಕಾಶನ ಸಂಸ್ಥೆ. ತನಗೆ ಸರಿಕಂಡ ಶಿಷ್ಟ ಮಲಯ್ ಬಿಟ್ಟು ಬೇರೆಯದನ್ನು ಅಚ್ಚು ಮಾಡಲಿಲ್ಲ. ಅದಕ್ಕಿಂತ ಮೊದಲೇ ಚೀನೀ ಮೂಲದ ಲೇಖಕರು ಬಜಾರಿನ ಮಲಯ್‌ನಲ್ಲಿ ಬರೆದ ದೊಡ್ಡ ರಾಶಿ ಈ ಚೌಕಟ್ಟಿನ ಹೊರಗೆ ಉಳಿಯಿತು. ಒಳ್ಳೆಯ ಸಂಶೋಧನೆ ಈಗ ಅಲ್ಲಿ ನಡೆಯುತ್ತಾ ಉಂಟು.

ಓದಿನ ಕ್ರಮ ಕೇಳಿದ್ದೀರಿ. ಮೂಲದಲ್ಲಿ ಓದಲು ಮೊದಲು ಖೈರಿಲ್ ಅನ್ವರ್ (1922-1949). ಕವಿತೆಗಳು ಗಿಡ್ಡ, ಪ್ರತ್ಯಯಗಳನ್ನು ಬೇಕೆಂದೇ ಕಳಚಿದ ಭಾಷೆ, ಆರು ತಿಂಗಳ ವಿದ್ಯಾರ್ಥಿಗೂ ನಿಘಂಟು ಹಿಡಿದು ಸಾಧ್ಯ. ಗದ್ಯಕ್ಕೆ ಪತ್ರಿಕೆಗಳಲ್ಲಿ ಬರುವ ಸಣ್ಣಕತೆ ಸಾಕು. ಕಾದಂಬರಿಕಾರ ಪ್ರಾಮುದ್ಯ ಅನಂತ ತೂರ್ ಅವರನ್ನು ಮಾತ್ರ ಮೊದಲು ಇಂಗ್ಲಿಷ್ ಅನುವಾದದಲ್ಲಿ ಓದಿ, ಮೂಲಕ್ಕೆ ಎರಡನೇ ವರ್ಷ ಹೋಗಿ. ಬುರು ದ್ವೀಪದ ಬಂಧನದಲ್ಲಿ ಬರೆಯಲು ಬಿಡದಿದ್ದಾಗ ಸಹಕೈದಿಗಳಿಗೆ ಬಾಯಲ್ಲಿ ಹೇಳಿ ಉಳಿಸಿಕೊಂಡ ಕತೆಯೇ ಅವರ ‘ಬೂಮಿ ಮನುಸಿಯ’. 1980ರಲ್ಲಿ ಪ್ರಕಟವಾಯಿತು, 1981ರಲ್ಲಿ ನಿಷೇಧವಾಯಿತು. ಹೇಳಿ ಕಟ್ಟಿದ ಗದ್ಯ ಎಂಬುದನ್ನು ನೆನಪಲ್ಲಿಟ್ಟು ಓದಿದರೆ ಅದರ ನಡೆ ಬೇರೆಯೇ ಕೇಳಿಸುತ್ತದೆ. ತಾಳಮದ್ದಳೆ ಕೇಳಿ ಬೆಳೆದ ಕಿವಿಗೆ ಅದು ಖಂಡಿತ ಸಿಗುತ್ತದೆ.

ವಾಯಾಂಗ್ ಮಾಡಲೇಬೇಕು ಅಂತಿದ್ದರೆ ಸಾಮ್ಯ ಬಿಟ್ಟು ವ್ಯತ್ಯಾಸದಿಂದ ಹೊರಡಿ. ವಾಯಾಂಗ್ ಕುಲಿತ್ ಚರ್ಮದ ನೆರಳುಗೊಂಬೆ, ದಾಲಂಗ್ ಎಂಬ ಒಬ್ಬನೇ ರಾತ್ರಿಯಿಡೀ ಎಲ್ಲ ಪಾತ್ರಗಳ ಮಾತು ಆಡುತ್ತಾನೆ. ತಂತ್ರದಲ್ಲಿ ಅದಕ್ಕೆ ಹತ್ತಿರ ಇರುವುದು ತೊಗಲುಗೊಂಬೆ. ಉಪ್ಪಿನಕುದ್ರು ಆಟ ಸೂತ್ರದ ಗೊಂಬೆಯದ್ದು. ಜಾವಾದ ಕತೆಯಲ್ಲಿ ದ್ರೌಪದಿ ಧರ್ಮರಾಯನೊಬ್ಬನ ಹೆಂಡತಿ, ಶಿಖಂಡಿ ‘ಶ್ರೀಕಂಡಿ’ ಎಂಬ ವೀರ ಹೆಣ್ಣು, ಅರ್ಜುನನ ಮಡದಿ. ಸೆಮಾರ್ ಮತ್ತು ಅವನ ಮಕ್ಕಳು ಗಾರೆಂಗ್, ಪೆತ್ರುಕ್, ಬಾಗೊಂಗ್ ವ್ಯಾಸರ ಭಾರತದಲ್ಲಿ ಇಲ್ಲವೇ ಇಲ್ಲ. ಅವರ ಹಾಸ್ಯದಲ್ಲಿ ಅಧಿಕಾರದ ಟೀಕೆ ಹೇಗೆ ಬರುತ್ತದೆ, ನಮ್ಮ ಹಾಸ್ಯಗಾರ ಅದೇ ಕೆಲಸ ಎಷ್ಟು ದೂರ ಮಾಡುತ್ತಾನೆ, ಇದು ಪ್ರಬಂಧಕ್ಕೆ ತಕ್ಕ ಪ್ರಶ್ನೆ. ಆದರೆ ಆಟದ ಭಾಷೆ ಜಾವಾದ್ದು, ಇಂಡೊನೇಶಿಯನ್ ಅಲ್ಲ.

ಸುರತ್ಕಲ್ ವಿದ್ಯಾರ್ಥಿ:

ಇಬ್ಬರಿಗೂ ತುಂಬ ಧನ್ಯವಾದ. ಹಾಗಾದರೆ ಜಾವಾ ಭಾಷೆ, ಡಚ್ ಎರಡೂ ಕಲಿಯಬೇಕಾ?

ದಡದ ಓದು:

ವಿಷಯದ ಮೇಲೆ ಹೋಗುತ್ತದೆ. 1998ರ ನಂತರದ ಸಾಹಿತ್ಯ, ರಾಜಕೀಯಕ್ಕೆ ಎರಡೂ ಬೇಡ. ವಸಾಹತು ಕಾಲದ ಇತಿಹಾಸಕ್ಕೆ ಡಚ್ ಓದಲು ಬಂದರೆ ಸಾಕು, ಮಾತಾಡಲು ಬೇಕಾಗಿಲ್ಲ. ಡೆಲ್ಫರ್ ಎಂಬ ತಾಣದಲ್ಲಿ ಆ ಕಾಲದ ಪತ್ರಿಕೆಗಳು ಪುಕ್ಕಟೆ ಇವೆ. ಹಳೆಯ ಮಲಯ್ ಹಸ್ತಪ್ರತಿಗೆ ಜಾವಿ, ಅಂದರೆ ಅರಬ್ಬಿ ಲಿಪಿ ಬೇಕು.

ಹಳೆ ಪುಸ್ತಕ ಹುಡುಕುವಾಗ ಒಂದು ಗಮನಿಸಿ. 1972ರಲ್ಲಿ ಕಾಗುಣಿತ ಬದಲಾಯಿತು: tj ಹೋಗಿ c ಬಂತು, dj ಜಾಗಕ್ಕೆ j, j ಇದ್ದಲ್ಲಿ y. oe ಹೋಗಿ u ಆದದ್ದು ಅದಕ್ಕೂ ಮೊದಲೇ, 1947ರಲ್ಲಿ. ಗ್ರಂಥಾಲಯದ ಪಟ್ಟಿಯಲ್ಲಿ ಎರಡೂ ಬಗೆ ಹಾಕಿ ಹುಡುಕದಿದ್ದರೆ ಇದ್ದ ಪುಸ್ತಕವೂ ಇಲ್ಲ ಎಂದು ತೋರಿಸುತ್ತದೆ.

ಕಡತದ ಕೆಲಸ:

ಓದುವ ಜಾಗ, ಕಾಗದಪತ್ರದ ಬಗ್ಗೆ. ದೇಶದೊಳಗೆ ದೆಹಲಿಯೇ ಗತಿ: ಅರೆಕಾಲಿಕ ಸರ್ಟಿಫಿಕೇಟ್ ಕೋರ್ಸಾಗಿ ಜೆಎನ್‌ಯುವೂ, ರಕ್ಷಣಾ ಸಚಿವಾಲಯದ ವಿದೇಶಿ ಭಾಷೆಗಳ ಶಾಲೆಯೂ ಈ ಭಾಷೆ ಕಲಿಸುತ್ತಾ ಬಂದಿವೆ. ಅರ್ಜಿ ಹಾಕುವ ವರ್ಷ ಪ್ರವೇಶ ತೆರೆದಿದೆಯೇ ಎಂದು ಪ್ರಕಟಣೆ ನೋಡಿಕೊಳ್ಳಿ. ಹೊರದೇಶದಲ್ಲಿ ನೆದರ್ಲೆಂಡ್ಸಿನ ಲೈಡನ್, ಆಸ್ಟ್ರೇಲಿಯಾದ ಎಎನ್‌ಯು ವಿಶ್ವವಿದ್ಯಾಲಯಗಳು ಈ ವಿಷಯಕ್ಕೆ ಹೆಸರಾದವು, ಖರ್ಚು ಬಹಳ. ಇಂಡೊನೇಶಿಯಾದಲ್ಲೇ ಓದುವುದಾದರೆ ದೆಪೊಕ್‌ನ ಇಂಡೊನೇಶಿಯಾ ವಿಶ್ವವಿದ್ಯಾಲಯ, ಯೋಗ್ಯಕರ್ತದ ಗಜ ಮದ.

ಅಲ್ಲಿ ಎಸ್1 ಅಂದರೆ ಪದವಿ, ಎಸ್2 ಅಂದರೆ ಸ್ನಾತಕೋತ್ತರ. ಪಾಠ ಅವರ ಭಾಷೆಯಲ್ಲೇ, ಆದ್ದರಿಂದ ಮೊದಲು ‘ಬಿಪ’, ಅಂದರೆ ವಿದೇಶಿಯರಿಗಾಗಿ ಇರುವ ಭಾಷಾ ಶಿಕ್ಷಣ ಮುಗಿಸಬೇಕು. ಅದರಲ್ಲಿ 7 ಹಂತ. ಸರಕಾರದ ‘ಬಿಪ ದಾರಿಂಗ್’ ತಾಣದ ಪಾಠಗಳನ್ನು ಮನೆಯಲ್ಲೇ ಕಲಿಯಬಹುದು. ಮಟ್ಟ ತೋರಿಸಲು ‘ಯುಕೆಬಿಐ’ ಪರೀಕ್ಷೆ ಉಂಟು: ಆಲಿಸುವುದು, ವ್ಯಾಕರಣ, ಓದು, ಬರಹ, ಮಾತು ಎಂದು 5 ಭಾಗ. ಓದು ಚೆನ್ನಾಗಿದ್ದವರೂ ಪ್ರತ್ಯಯಗಳಿಂದಾಗಿ ವ್ಯಾಕರಣ ಭಾಗದಲ್ಲಿ ಕೆಳಗೆ ಬೀಳುತ್ತಾರೆ.

ವಿದ್ಯಾರ್ಥಿವೇತನದಲ್ಲಿ ಎರಡನ್ನು ಗೊಂದಲ ಮಾಡಿಕೊಳ್ಳಬೇಡಿ. ‘ದರ್ಮಸಿಸ್ವ’ದಲ್ಲಿ ಭಾಷೆ, ಕಲೆ ಕಲಿಯಬಹುದು, ಪದವಿ ಸಿಗುವುದಿಲ್ಲ. ‘ಕೆಎನ್‌ಬಿ’ ಪದವಿಗಾಗಿಯೇ ಇರುವುದು. ಅಡಿಪಾಯ ಇಲ್ಲದವರು ಮೊದಲನೆಯದಕ್ಕೆ ಹೋಗಿ ಬಂದು ಆಮೇಲೆ ಎಂಎ ಹಿಡಿಯುವುದು ಒಳ್ಳೆಯದು. ಮಾಹಿತಿಗೆ ದೆಹಲಿಯಲ್ಲಿ ರಾಯಭಾರ ಕಚೇರಿ, ಮುಂಬಯಿಯಲ್ಲಿ ಕಾನ್ಸುಲೇಟ್ ಉಂಟು. ನಿಮ್ಮ ಅರ್ಜಿ ಯಾವ ಕಚೇರಿಯ ವ್ಯಾಪ್ತಿ ಎಂದು ಮೇಲ್ ಹಾಕಿ ಕೇಳಿ, ಆಮೇಲೆ ಮತ್ಸ್ಯಗಂಧ ರೈಲಿನ ಟಿಕೆಟ್ ಮಾಡಿ.

ಒಂದು ದೇಶದ ದಾಖಲೆಪತ್ರವನ್ನು ಇನ್ನೊಂದು ದೇಶ ಮಾನ್ಯ ಮಾಡುವ ಅಪೋಸ್ಟಿಲ್ ಒಪ್ಪಂದಕ್ಕೆ ಇಂಡೊನೇಶಿಯಾ ಸೇರಿ, ಅದು 2022ರ ಜೂನ್ 4ರಿಂದ ಜಾರಿಯಲ್ಲಿದೆ. ಹಾಗಾಗಿ ಅಂಕಪಟ್ಟಿ, ಪದವಿ ಪತ್ರಗಳಿಗೆ ರಾಜ್ಯದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಈ ಕ್ರಮದಲ್ಲಿ ಮಾಡಿಸಿ. ಮೂಲಪತ್ರವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಸ್ಟಿಕ್ಕರ್ ಹಚ್ಚಲು ಆಗುವುದಿಲ್ಲ. ನಮ್ಮಲ್ಲಿ ಪದೇಪದೇ ಆಗುವ ಇನ್ನೊಂದು ತೊಡಕು ಹೆಸರಿನದ್ದು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು. ಅರ್ಜಿಯಲ್ಲಿ ಪಾಸ್‌ಪೋರ್ಟಿನ ಹೆಸರೇ ಬರೆದು, ಎರಡೂ ಒಬ್ಬರದ್ದೇ ಎಂಬ ಪ್ರಮಾಣಪತ್ರ ಜೊತೆಗಿಡಿ.

ಅಡಿಕೆ ತೋಟ:

ಪ್ರಬಂಧದ ವಿಷಯಕ್ಕೆ ಇನ್ನೊಂದು ಸೂಚನೆ. ಆ ದೇಶಕ್ಕೂ ನಮ್ಮ ಜಿಲ್ಲೆಗೂ ಇರುವ ನಂಟು ಪುರಾಣದ್ದು ಮಾತ್ರ ಅಲ್ಲ; ಪಣಂಬೂರು ಬಂದರಿನ ತಾಳೆಎಣ್ಣೆ, ಕಲ್ಲಿದ್ದಲಿನ ಹಿಂದೆಯೂ ಆ ದೇಶ ಉಂಟು. ಅಡಿಕೆ ನೋಡಿ: ಇಂಡೊನೇಶಿಯಾ ದೊಡ್ಡ ಅಡಿಕೆ ರಫ್ತುದಾರ, ಇಲ್ಲಿ ದರ ಕುಸಿದಾಗಲೆಲ್ಲ ಆಮದಿನ ಮಾತು ಏಳುತ್ತದೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿತು. ಅದರ ಇನ್ನೊಂದು ತುದಿಯಲ್ಲಿ, ಸುಮಾತ್ರದ ಜಂಬಿಯಲ್ಲಿ ಬೆಳೆಯುವವರಿಗೆ ಎಂತ ಆಯಿತು ಎಂಬುದನ್ನು ಅವರ ಭಾಷೆಯ ಪತ್ರಿಕೆಗಳಿಂದ ತೆಗೆಯಬಹುದು. ‘ಪಿನಾಂಗ್’ (ಅಡಿಕೆ), ‘ಪೆತಾನಿ’ (ರೈತ), ‘ಹರ್ಗ’ (ಬೆಲೆ) ಪದಗಳ ಜೊತೆ ‘ಜಂಬಿ’ ಸೇರಿಸಿ ಹುಡುಕಿ.

ಪತ್ರಿಕೆ ಓದಲು ಯಾರ ಅನುಮತಿಯೂ ಬೇಡ. ಆದರೆ ಅಲ್ಲಿಗೆ ಹೋಗಿ ರೈತರ ಸಂದರ್ಶನ ಮಾಡುವುದಾದರೆ ಪ್ರವಾಸಿ ವೀಸಾದಲ್ಲಿ ಹೋಗುವ ಹಾಗಿಲ್ಲ. ವಿದೇಶಿ ಸಂಶೋಧಕರಿಗೆ ‘ಬ್ರಿನ್’ ಎಂಬ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ಪರವಾನಗಿ ಬೇಕು, ಸ್ಥಳೀಯ ಸಂಸ್ಥೆಯೊಂದು ಜೊತೆಗಾರ ಆಗಿರಬೇಕು. ಆ ಜೊತೆಗಾರರನ್ನು ಮೊದಲ ಸೆಮಿಸ್ಟರಿನಲ್ಲೇ ಹುಡುಕಿಟ್ಟುಕೊಳ್ಳಿ.