ಇಎಫ್ 60 ಇದ್ದರೂ ಹಾರ್ಟ್ ಫೇಲ್ಯೂರ್ ‘ಕ್ಲಾಸ್ 3’ ಅಂತಾರಲ್ಲ, ಹೇಗೆ?

ಪ್ರಶ್ನೆ
ಅಮ್ಮನಿಗೆ 68 ವರ್ಷ. ಬಿಪಿಗೆ ಎರಡು ಮಾತ್ರೆ, ಜೊತೆಗೆ ಶುಗರ್. ತೂಕವೂ ಜಾಸ್ತಿ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್ 60%, ಅದರ ಕೆಳಗೇ ‘ಗ್ರೇಡ್ 2 ಡಯಸ್ಟಾಲಿಕ್ ಡಿಸ್‌ಫಂಕ್ಷನ್’. ಡಾಕ್ಟರ್ ಚೀಟಿಯಲ್ಲಿ ‘ಎನ್‌ವೈಎಚ್‌ಎ 3, ಸ್ಟೇಜ್ ಸಿ’. ಪಂಪಿಂಗ್ ಚೆನ್ನಾಗಿದೆ ಅಂತಾರೆ, ಫೇಲ್ಯೂರ್ ಅಂತಲೂ ಅಂತಾರೆ. 2 ನಂಬಲಾ, 3 ನಂಬಲಾ?

ಉತ್ತರ 1
ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಶಿಯನ್. ಎರಡನ್ನೂ ನಂಬಿ, ಅಳೆಯೋದು ಬೇರೆ ಬೇರೆ ಅಷ್ಟೇ.

ಎಡ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಗೆ ಹೋಗುತ್ತದೆ ಅನ್ನೋದು ಇಎಫ್. 50 ಅಥವಾ ಮೇಲಿದ್ದರೆ ಪಂಪಿಂಗ್ ಉಳಿದಿದೆ. ಅಮ್ಮನ ತೊಂದರೆ ರಕ್ತ ತುಂಬಿಕೊಳ್ಳುವಾಗ, ಅದೇ ಡಯಸ್ಟಾಲಿಕ್ ಡಿಸ್‌ಫಂಕ್ಷನ್. ಗೋಡೆ ಬಿಗಿಯಾಗಿದೆ, ಸಡಿಲವಾಗಲ್ಲ. ಒತ್ತಡ ಹಿಂದಕ್ಕೆ ಶ್ವಾಸಕೋಶದವರೆಗೂ ಏರುತ್ತದೆ, ಏದುಸಿರು ಬರುತ್ತದೆ. ಹಾಗಾಗಿ ಇಎಫ್ 65 ಇರುವವರು 55 ಇರುವವರಿಗಿಂತ ವಾಸಿ ಅಂತ ಇಲ್ಲಿ ಹೇಳೋಕಾಗಲ್ಲ.

ಗ್ರೇಡ್ 2 ಆ ದಿನದ ಎಕೋ ಲೆಕ್ಕ. ನೀರಿಳಿಸುವ ಮಾತ್ರೆ ತಗೊಂಡ ಮೇಲೆ ಬದಲಾಗಬಹುದು. ಎನ್‌ವೈಎಚ್‌ಎ ಅಂದರೆ ಲಕ್ಷಣ ನೋಡಿ ಕೊಡುವ ಕ್ಲಾಸ್. ಕ್ಲಾಸ್ 3 ಅಂದರೆ ಸುಮ್ನೆ ಕೂತಾಗ ಆರಾಮ, ಸ್ವಲ್ಪ ಓಡಾಡಿದರೂ ದಮ್ಮು. ಕೂತಲ್ಲೇ ದಮ್ಮು ಬಂದರೆ 4. ಸ್ಟೇಜ್ ಸಿ ಅಂದರೆ ಲಕ್ಷಣ ಒಮ್ಮೆ ಕಾಣಿಸಿಕೊಂಡಿದೆ. ಅದು ಮತ್ತೆ ಲಕ್ಷಣ ಇಲ್ಲದ ಸ್ಟೇಜ್ ಬಿ ಆಗಲ್ಲ. ಕ್ಲಾಸ್ ಮಾತ್ರ ಇಳಿಯುತ್ತದೆ. 3ರಿಂದ 2ಕ್ಕೆ ಬಂದವರನ್ನು ನೋಡುತ್ತಲೇ ಇರುತ್ತೇನೆ.

‘ಉಸಿರಾಟ ಹೇಗಿದೆಯಮ್ಮಾ’ ಅಂದರೆ ಎಲ್ಲರೂ ‘ಪರವಾಗಿಲ್ಲ’ ಅಂತಾರೆ. ಬಿಂದಿಗೆ ಎತ್ತೋದು ಯಾವಾಗ ಬಿಟ್ಟಿರಿ, ಸೀರೆ ಉಡುವಾಗ ನಡುವೆ ಕೂರ್ತೀರಾ, ತಲೆಗೆ ಎಷ್ಟು ದಿಂಬು ಅಂತ ಕೇಳಬೇಕು. ಆಗ ನಿಜ ಹೊರಗೆ ಬರುತ್ತದೆ. ನೀವೂ ಮನೆಯಲ್ಲಿ ಹಾಗೇ ಕೇಳಿ, ಉತ್ತರ ಬರೆದುಕೊಂಡು ಹೋಗಿ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್ ಸರ್. ಚೀಟಿಯ ಮೂಲೆಯಲ್ಲಿ ‘ಎಚ್2ಎಫ್‌ಪೆಫ್ 6’ ಅಂತಲೂ ಇದೆ. 9ಕ್ಕೆ 6 ಅಂದರೆ ಜೋರಾಗಿದೆ ಅಂತ ಅಲ್ವಾ?

ಉತ್ತರ 1
ಇಲ್ಲ, ಅದಕ್ಕೆ ಹೆದರಬೇಡಿ. ಏದುಸಿರಿಗೆ ಈ ಕಾಯಿಲೆಯೇ ಕಾರಣ ಇರಬಹುದಾ ಅಂತ ನೋಡುವ ಸ್ಕೋರ್ ಅದು. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 30 ದಾಟಿದ್ದರೆ 2, ಬಿಪಿಗೆ ಎರಡು ಮಾತ್ರೆ ಇದ್ದರೆ 1, ವಯಸ್ಸು 60 ದಾಟಿದ್ದಕ್ಕೆ 1, ಎಕೋದಲ್ಲಿ ತುಂಬುವ ಒತ್ತಡ ಮತ್ತು ಶ್ವಾಸಕೋಶದ ಒತ್ತಡಕ್ಕೆ ಒಂದೊಂದು. ಅಲ್ಲಿಗೇ 6. ಏಟ್ರಿಯಲ್ ಫಿಬ್ರಿಲೇಶನ್ (ಬಡಿತದ ತಾಳ ತಪ್ಪುವ ತೊಂದರೆ) ಇದ್ದಿದ್ದರೆ ಇನ್ನೂ 3. ಕಾಯಿಲೆ ಇದೇ ಅನ್ನೋದು ಹೆಚ್ಚುಕಡಿಮೆ ಖಚಿತ, ಅಷ್ಟೇ.

ಉತ್ತರ 2
ನಮ್ಮ ಅತ್ತೆಗೂ ಇದೇ. ಹಾರ್ಟ್ ಫೇಲ್ಯೂರ್‌ಗೆ ಮಾಡುವ ರಕ್ತಪರೀಕ್ಷೆ ಎನ್‌ಟಿ-ಪ್ರೊಬಿಎನ್‌ಪಿ ಕಡಿಮೆ ಬಂತು ಅಂತ ನಾವೆಲ್ಲ ಸಮಾಧಾನವಾಗಿದ್ದೆವು. ಆಮೇಲೂ ಕಾಲು ಬಾವು ಇಳಿಯಲೇ ಇಲ್ಲ.

ಉತ್ತರ 1
ತೂಕ ಜಾಸ್ತಿ ಇರುವವರಲ್ಲಿ ಆ ಸಂಖ್ಯೆ ಕಡಿಮೆಯೇ ತೋರಿಸುತ್ತದೆ, ಅದೊಂದನ್ನೇ ನಂಬಬೇಡಿ. ಕಾಯಿಲೆ ಎಷ್ಟು ಜೋರು ಅಂತ ನೋಡೋಕೆ ನಾನು ಮೊದಲು ಕೇಳೋದು, ಕಳೆದ ಒಂದು ವರ್ಷದಲ್ಲಿ ಉಸಿರಿಗಾಗಿ ಅಡ್ಮಿಟ್ ಆಗಿದ್ದರಾ ಅಂತ. ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಮಾತ್ರೆ ಅವರಿಗೆ ಹೊಂದುತ್ತಾ ಅಂತ ಡಾಕ್ಟರನ್ನು ಕೇಳಿ. ಇಎಫ್ ಚೆನ್ನಾಗಿರುವವರಲ್ಲೂ ಅಡ್ಮಿಟ್ ಆಗೋದನ್ನು ಇವು ಕಡಿಮೆ ಮಾಡುತ್ತವೆ ಅಂತ 2021, 2022ರ ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ದಿನಾ ಬೆಳಿಗ್ಗೆ ತೂಕ ನೋಡಿ. ಎರಡು ಮೂರು ದಿನದಲ್ಲಿ 2 ಕೆಜಿ ಏರಿದರೆ, ಇಲ್ಲಾ ರಾತ್ರಿ ದಮ್ಮು ಕಟ್ಟಿ ಎದ್ದು ಕೂರುವಂತಾದರೆ, ಅವತ್ತೇ ತೋರಿಸಿ.