ಕಂದೀಲಿಗೊಂದು ಕೊಂಬು

ಮಗುವಿಗೆ ಹೆಸರಿಡುವ ಕೆಲಸವನ್ನು ಸೋದರತ್ತೆಯೊಬ್ಬಳೇ ಕಿವಿಯಲ್ಲಿ ಕುರ್ರ್ ಎಂದು ಹೇಳಿ ಒಂದು ನಿಮಿಷದಲ್ಲಿ ಮುಗಿಸುತ್ತಾಳೆ. ಅಂಗಡಿಗೆ ಹೆಸರಿಡಲು ನಾಲ್ಕು ಮಂದಿ ಗಂಡಸರು ಕುಳಿತರೆ, ಮೂರೂವರೆಗೆ ಕುಳಿತವರು ಏಳಕ್ಕೂ ಏಳುವುದಿಲ್ಲ. ಕಲಬುರಗಿಯ ನೆಹರು ಗಂಜ್ ಕಡೆಗೆ ಹೋಗುವ ರಸ್ತೆಯಲ್ಲಿ ಮೊನ್ನೆ ಆದದ್ದು ಇದೇ.

ಅಂಗಡಿ ನಮ್ಮ ಮಾಸ್ತರರ ತಂಗಿಯ ಮಗನದು. ಮಾರುವುದು ಎಲ್‌ಇಡಿ ದೀಪಗಳನ್ನು. ಬಿಳಿ ಬಣ್ಣ ಬಳಿದ ಬೋರ್ಡು ಆಗಲೇ ಬಾಗಿಲ ಮೇಲೆ ಏರಿತ್ತು, ಪೇಂಟರು ಏಣಿಯ ಮೂರನೆಯ ಮೆಟ್ಟಿಲ ಮೇಲೆ ಕುಂಚ ಹಿಡಿದು ಕಾಯುತ್ತಿದ್ದ. “ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾಯದೆ ಬಂದಿದೆ. ನಾನು ನೂರಕ್ಕೆ ನೂರು ಕನ್ನಡ ಹಾಕಿಸುತ್ತೇನೆ. ಬೆಳಕು ಕೊಡುವ ವಸ್ತುವಿಗೆ ಇರುವ ಒಂದೇ ಒಂದು ಕನ್ನಡ ಹೆಸರನ್ನು ನೀವು ಹಿರಿಯರು ಹೇಳಿಬಿಡಿರಿ” ಎಂದು ಹುಡುಗ ಕೈಮುಗಿದು ಕೇಳಿದ. ಅವನು ಹಾಗೆ ಕೇಳಬಾರದಿತ್ತು.

ಕೂತವರಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರರು, ಉರ್ದು ಕಲಿಸಿ ನಿವೃತ್ತರಾದ ಸಾಹೇಬರು, ಯಾವುದರಿಂದಲೂ ನಿವೃತ್ತರಾಗದ ವಕೀಲರು ಮತ್ತು ಮಿರ್ಚಿ ಭಜಿಯ ಪೊಟ್ಟಣವನ್ನು ಹಿಡಿದುಕೊಳ್ಳುವ ಜವಾಬ್ದಾರಿ ಹೊತ್ತ ನಾನು ಇದ್ದೆವು. ಆಡಿದ್ದನ್ನು ಆಡಿದಂತೆಯೇ ಬರೆದರೆ ಅರ್ಧ ದಖನಿಯಾಗುತ್ತದೆ, ಇನ್ನರ್ಧ ಬೈಗುಳವಾಗುತ್ತದೆ. ಆದ್ದರಿಂದ ಮಾತುಗಳನ್ನು ಒಗೆದು, ಇಸ್ತ್ರಿ ಹಾಕಿ ಇಲ್ಲಿ ಮಡಿಸಿಟ್ಟಿದ್ದೇನೆ.

ಮಾಸ್ತರರು ಕನ್ನಡಕ ಒರೆಸಿಕೊಂಡು, “ಸೊಡರು ಎಂದು ಬರೆಸು. ವಚನಕಾರರು ಬಳಸಿದ ಮಾತು. ಸುಡು ಎಂಬ ನಮ್ಮದೇ ಧಾತುವಿನಿಂದ ಹುಟ್ಟಿದ್ದು. ತಮಿಳರು ಇದನ್ನೇ ಸುಡರ್ ಎನ್ನುತ್ತಾರೆ. ಯಾರಿಂದಲೂ ಕಡ ತಂದದ್ದಲ್ಲ” ಎಂದರು.

“ಮಾಮಾ, ಇಡೀ ಅಂಗಡಿಯ ತುಂಬ ವೈರು ಇದೆ. ಬಾಗಿಲ ಮೇಲೆ ಸುಡು ಎಂದು ಬರೆಸಿದರೆ ವಿಮೆಯವರು ಕಂತು ಏರಿಸುತ್ತಾರೆ” ಎಂದ ಹುಡುಗ. ಮಾಸ್ತರರು ದೀವಟಿಗೆಗೆ ಇಳಿದರು. ಅದು ದೀಪವರ್ತಿಕೆ ಸವೆದು ಆದ ರೂಪ, ಆ ವರ್ತಿಯೇ ಸವೆದು ನಮ್ಮ ಬತ್ತಿಯಾಯಿತು ಎಂದು ವಿವರಿಸತೊಡಗಿದಾಗ, ಬತ್ತಿ ಎಂಬ ಮಾತು ಕಿವಿಗೆ ಬಿದ್ದೊಡನೆ ವಕೀಲರು ಎಚ್ಚರಗೊಂಡು, ತಮಗೆ ಯಾರು ಯಾರು ಯಾವ ಯಾವ ವರ್ಷ ಬತ್ತಿ ಇಟ್ಟರೆಂದು ಪಟ್ಟಿ ಒಪ್ಪಿಸಲು ಮುಂದಾದರು. ಅದನ್ನು ತಡೆಯುವ ಅವಸರದಲ್ಲಿ ದೀಪ ಎಂಬ ಎಲ್ಲರಿಗೂ ಗೊತ್ತಿರುವ ಮಾತನ್ನು ಯಾರೂ ಸರಿಯಾಗಿ ಪರೀಕ್ಷಿಸಲಿಲ್ಲ. ಹಾಗೆ ಬರೆಸಿದರೆ ಹೆಂಗಸರು ಕರ್ಪೂರ, ಊದಿನಕಡ್ಡಿ ಕೇಳಿಕೊಂಡು ಬರುತ್ತಾರೆ ಎಂಬ ಹುಡುಗನ ಒಂದೇ ಮಾತಿಗೆ ಅದು ಬಿದ್ದುಹೋಯಿತು.

“ಹಾಗಾದರೆ ಬಲ್ಬು ಎಂದೇ ಬರೆಸಿಬಿಡು, ಜನಕ್ಕೆ ತಿಳಿಯುತ್ತದೆ” ಎಂದರು ವಕೀಲರು.

“ಬಲ್ಬು ಎಂದರೆ ಏನು ಗೊತ್ತೇ? ಗ್ರೀಕರು ಉಳ್ಳಾಗಡ್ಡಿಯಂಥ ಗಡ್ಡೆಗಳಿಗೆ ಬೊಲ್ಬೊಸ್ ಎನ್ನುತ್ತಿದ್ದರು. ಗಾಜಿನ ಬುರುಡೆ ಅದರ ಆಕಾರದಲ್ಲಿದ್ದುದರಿಂದ ಆ ಹೆಸರು ಬಂತು. ಗಂಜ್‌ಗೆ ಹೋಗುವ ದಾರಿಯಲ್ಲಿ ಉಳ್ಳಾಗಡ್ಡಿ ಎಂದು ಬೋರ್ಡು ಹಾಕಿದರೆ ಸಂಜೆಯೊಳಗೆ ಎರಡು ಲಾರಿ ಮಾಲು ಬಂದು ಇಳಿಯುತ್ತದೆ” ಎಂದು ಮಾಸ್ತರರು ಮುಗಿಸಿಬಿಟ್ಟರು.

ಚಿಮಣಿಯ ಸರದಿ ಬಂದಾಗ ಮಾತ್ರ ನಾವೆಲ್ಲ ಸ್ವಲ್ಪ ಮೆತ್ತಗಾದೆವು. ನಮ್ಮ ಕಡೆ ಅದರಡಿ ಓದದೆ ಪಾಸಾದವರು, ಅದರಡಿ ಓದಿ ನಪಾಸಾದವರು, ಇಬ್ಬರೂ ಇದ್ದಾರೆ. ಶಾಯಿ ದೌತಿಯ ಮುಚ್ಚಳಕ್ಕೆ ತೂತು ಕೊರೆದು, ಹಳೆಯ ಧೋತರದ ಚೂರನ್ನು ಹೊಸೆದು ತೂರಿಸಿದರೆ ಚಿಮಣಿ ಸಿದ್ಧ. ಬೆಳಿಗ್ಗೆ ಮೂಗು ಸೀನಿದರೆ ಕಣ್ಣಿಗೆ ಹಚ್ಚುವಷ್ಟು ಕಾಡಿಗೆ ಬರುತ್ತಿತ್ತು. ಮಾಸ್ತರರ ಪ್ರಕಾರ ಗ್ರೀಕಿನಲ್ಲಿ ಕಮಿನೊಸ್ ಎಂದರೆ ಕುಲುಮೆ. ಅದು ಲ್ಯಾಟಿನ್, ಫ್ರೆಂಚುಗಳನ್ನು ದಾಟಿ ಇಂಗ್ಲಿಷಿನಲ್ಲಿ ಹೊಗೆ ಕೊಳವೆಯಾಯಿತು. ಆ ಕೊಳವೆಯ ಹೆಸರು ದೀಪದ ಮೇಲಿನ ಗಾಜಿಗೆ ಬಂತು. ಕೊನೆಗೆ ಗಾಜೂ ಇಲ್ಲದ, ಕೊಳವೆಯೂ ಇಲ್ಲದ, ಹೊಗೆಯನ್ನೆಲ್ಲ ನೇರವಾಗಿ ನಮ್ಮ ಮೂಗಿಗೇ ಬಿಡುವ ದೌತಿಗೆ ನಾವು ಚಿಮಣಿ ಎಂದೆವು. ಅದಕ್ಕೆ ಹಾಕುವ ಎಣ್ಣೆಯೂ ಚಿಮಣಿ ಎಣ್ಣೆಯಾಯಿತು. ನೆರೆಯ ಮರಾಠಿಯವರಾದರೋ ಗ್ಯಾಸ್‌ಲೈಟ್ ಎಂಬ ಮಾತನ್ನು ತಿರುಚಿ ಆ ಎಣ್ಣೆಗೆ ಘಾಸಲೇಟ್ ಎಂದು ಹೆಸರಿಟ್ಟರು. ಹೀಗೆ ನಾವು ಕೊಳವೆಯನ್ನು ಸುರಿದೆವು, ಅವರು ಬೆಳಕನ್ನು ಸುರಿದರು, ಎರಡೂ ಕಡೆ ಉರಿದದ್ದು ಮಾತ್ರ ಒಂದೇ.

“ಚಿಮಣಿ ಎಂದೇ ಇರಲಿ” ಎಂದು ನನಗೂ ಅನ್ನಿಸಿತ್ತು. ಆದರೆ ಹುಡುಗನಿಗೆ ಬೀದರ ಕಡೆಯ ಮರಾಠಿ ಗಿರಾಕಿಗಳಿದ್ದಾರೆ, ಮರಾಠಿಯಲ್ಲಿ ಚಿಮಣಿ ಎಂದರೆ ಗುಬ್ಬಿಯೂ ಹೌದು. ಗುಬ್ಬಿ ಮಾರುವುದು ಅಪರಾಧವೆಂದು ವಕೀಲರು ಕಲಮು ಹುಡುಕತೊಡಗಿದರು.

ಅಲ್ಲಿಯವರೆಗೆ ಭಜಿಯ ಮೆಣಸಿನಕಾಯಿಯ ತೊಟ್ಟುಗಳನ್ನು ಸಾಲಾಗಿ ಜೋಡಿಸುತ್ತ ಕುಳಿತಿದ್ದ ಸಾಹೇಬರು ಕೆಮ್ಮಿದರು. ಅವರು ಕೆಮ್ಮಿದರೆ ಮುನ್ನುಡಿ ಎಂದು ಅರ್ಥ.

“ಈ ಊರಿನಲ್ಲಿ ಕುಳಿತು ಚಿರಾಗ್ ಎಂಬ ಮಾತನ್ನು ಯಾರೂ ಎತ್ತಲಿಲ್ಲವಲ್ಲ! ಖ್ವಾಜಾ ಬಂದೇ ನವಾಜರ ಗುರುಗಳನ್ನು ಜನ ಕರೆಯುತ್ತಿದ್ದುದೇ ಚಿರಾಗ್ ದೆಹಲಿ ಎಂದು, ಅಂದರೆ ದಿಲ್ಲಿಯ ದೀಪ. ಆ ದೀಪದಿಂದ ಹೊತ್ತಿಸಿಕೊಂಡ ದೀಪ ಕಲಬುರಗಿಗೆ ಬಂದು 1422ರವರೆಗೆ ಬೆಳಗಿತು. ಸಿರಾಜ್ ಎಂದು ಮಗನಿಗೆ ಹೆಸರಿಡುವವರು ಇಡುವುದೂ ಇದೇ ದೀಪದ ಹೆಸರನ್ನೇ; ಪಾರಸಿಯ ಚಿರಾಗ್ ಅರಬ್ಬಿಗೆ ಹೋಗಿ ಸಿರಾಜ್ ಆಯಿತು.”

“ಚಿರಾಗ್ ಎಂದು ಬರೆಸಿದರೆ ಮಕ್ಕಳು ಬಂದು ಒಂದೊಂದೇ ಬಲ್ಬನ್ನು ಉಜ್ಜಿ, ಭೂತ ಬರುತ್ತದೆಯೋ ಎಂದು ನೋಡುತ್ತಾರೆ” ಎಂದ ಹುಡುಗ. 1347ರಲ್ಲಿ ಇಲ್ಲಿ ಬಹಮನಿ ರಾಜ್ಯ ಕಟ್ಟಿದವನ ಹೆಸರೂ ಅಲ್ಲಾವುದ್ದೀನನೇ ಎಂದು ವಕೀಲರು ನೆನಪಿಸಿದರಾದರೂ ಅವನ ಬಳಿ ಅಂಥ ದೀಪವಿದ್ದ ಬಗ್ಗೆ ದಾಖಲೆ ಹಾಜರುಪಡಿಸಲು ಅವರಿಂದ ಆಗಲಿಲ್ಲ.

“ಸರಿ, ಕಂದೀಲು ಎಂದು ಬರೆಸು” ಎಂದರು ಸಾಹೇಬರು.

ಮಾಸ್ತರರು ಭಜಿಯನ್ನು ಕೆಳಗಿಟ್ಟರು. “ಅದು ಅರಬ್ಬಿ ಮಾತು ಸಾಹೇಬರೆ. ಇವನು ಕೇಳುತ್ತಿರುವುದು ಕನ್ನಡವನ್ನು.”

“ಅರಬ್ಬಿಯವರದೂ ಅಲ್ಲ ಮಾಸ್ತರರೆ. ರೋಮಿನವರು ಕಾಂದೇಲಾ ಎಂದರು, ಅವರಿಂದ ಗ್ರೀಕರು ತೆಗೆದುಕೊಂಡರು, ಗ್ರೀಕರಿಂದ ಅರಾಮಿಯಾ ಭಾಷೆಗೆ, ಅಲ್ಲಿಂದ ಅರಬ್ಬಿಗೆ ಬಂದು ಕಿಂದೀಲ್ ಆಯಿತು. ತುರ್ಕರು ಮಿನಾರುಗಳಿಗೆ ದೀಪ ಹಚ್ಚುವ ಪವಿತ್ರ ರಾತ್ರಿಗಳನ್ನೇ ಕಂದಿಲ್ ಎನ್ನುತ್ತಾರೆ. ನಿಮ್ಮ ಮನೆಯವರು ದೀಪಾವಳಿಗೆ ಮಾಳಿಗೆಯ ಮೇಲೆ ತೂಗುಹಾಕುವ ಆಕಾಶಕಂದೀಲು ಯಾವುದು ಅಂದುಕೊಂಡಿದ್ದೀರಿ? ಅದೇ ಕಾಂದೇಲಾ ಇನ್ನೊಂದು ದಾರಿಯಲ್ಲಿ ಇಂಗ್ಲಿಷಿಗೆ ಹೋಗಿ ಕ್ಯಾಂಡಲ್ ಆಯಿತು. ಒಂದು ಕುದುರೆ ಹತ್ತಿ ಬಂತು, ಒಂದು ಹಡಗು ಹತ್ತಿ ಬಂತು, ಎರಡೂ ಕಲಬುರಗಿಯಲ್ಲಿ ಕರೆಂಟು ಹೋದಾಗ ಒಂದೇ ಕಿಟಕಿಯಲ್ಲಿ ಕೂಡುತ್ತವೆ.”

ಸಾಹೇಬರು ಅಲ್ಲಿಗೆ ನಿಲ್ಲಿಸಿದ್ದರೆ ವಕೀಲರು ಸುಮ್ಮನಿರುತ್ತಿದ್ದರು. ಅವರು ಮುಂದುವರಿದು, ಆ ಕಾಂದೇಲಾದ ಧಾತುವಿಗೆ ಬೆಳ್ಳಗೆ ಹೊಳೆ ಎಂದು ಅರ್ಥ. ರೋಮಿನಲ್ಲಿ ಚುನಾವಣೆಗೆ ನಿಂತವರು ಸುಣ್ಣದ ಪುಡಿ ಹಾಕಿ ಬಿಳುಪೇರಿಸಿದ ನಿಲುವಂಗಿ ಉಟ್ಟು ಓಟು ಕೇಳುತ್ತಿದ್ದುದರಿಂದ ಅವರಿಗೆ ಅದೇ ಧಾತುವಿನಿಂದ ಕ್ಯಾಂಡಿಡೇಟ್ ಎಂಬ ಹೆಸರು ಬಂತು. ಆದ್ದರಿಂದ ಕಂದೀಲು ಮತ್ತು ಕ್ಯಾಂಡಿಡೇಟ್ ದಾಯಾದಿಗಳು ಎಂದುಬಿಟ್ಟರು. ನಮ್ಮ ವಕೀಲರು ಒಮ್ಮೆ ಪಾಲಿಕೆಯ ಚುನಾವಣೆಗೆ ನಿಂತವರು. ಆಗ ಹೊಲಿಸಿದ ಮೂರು ಜೊತೆ ಬಿಳಿ ಖಾದಿ ಇನ್ನೂ ಹರಿದಿಲ್ಲ, ಅಂದು ಕೂಡ ಅದರಲ್ಲೊಂದು ಅವರ ಮೈಮೇಲಿತ್ತು. ಎಲ್ಲರೂ ಅದನ್ನೇ ನೋಡಿದೆವು.

“ವ್ಯತ್ಯಾಸವಿದೆ” ಎಂದರು ಮಾಸ್ತರರು. “ಕಂದೀಲಿಗೆ ಎಣ್ಣೆ ಹಾಕಿದರೆ ಅದು ಬೆಳಕು ಕೊಡುತ್ತದೆ. ಕ್ಯಾಂಡಿಡೇಟನಾದರೋ ಎಣ್ಣೆಯನ್ನು ತಾನೇ ಹಾಕಿಸುತ್ತಾನೆ, ಬೆಳಕು ಯಾರಿಗೂ ಕಾಣುವುದಿಲ್ಲ.”

ವಕೀಲರು ಈ ಮಾತನ್ನು ಕೇಳಿಸಿಕೊಳ್ಳದವರಂತೆ ಎದ್ದು ನಿಂತರು. “ದಾಯಾದಿ ಎಂಬ ಮಾತು ಬಂದ ಮೇಲೆ ಇದು ನನ್ನ ಕಕ್ಷೆಗೆ ಬಂತು. ಮಿತಾಕ್ಷರ ಬರೆದ ವಿಜ್ಞಾನೇಶ್ವರ ನಮ್ಮ ಮರತೂರಿನವನು, ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿದ್ದವನು. ಅವನ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ, ತಂದೆ ಸಾಯುವವರೆಗೆ ಕಾಯಬೇಕಾಗಿಲ್ಲ. ಕಂದೀಲು ಕನ್ನಡದಲ್ಲಿ ಹುಟ್ಟಿ ಆರೇಳು ತಲೆಮಾರು ಕಳೆದಿವೆ. ಅದನ್ನು ಈಗ ಅರಬ್ಬಿಯದು ಎಂದು ಹೊರಹಾಕಲು ಯಾವ ಕೋರ್ಟೂ ಒಪ್ಪುವುದಿಲ್ಲ.”

“ದತ್ತು ಮಗನಿಗೆ?” ಎಂದು ಮಾಸ್ತರರು ಕೇಳಿದರು. “ದತ್ತಕ್ಕೂ ಹಕ್ಕಿದೆ” ಎಂದು ವಕೀಲರು ಕೂತರು.

ಮಾಸ್ತರರು ಸೋಲುವವರಲ್ಲ. ಆದರೆ ಅವರು ಮುಂದೆ ಹೇಳಿದ ಮಾತು ಎದುರು ಪಕ್ಷಕ್ಕೇ ಅನುಕೂಲವಾಯಿತು. “ಧಾತುವಿನ ಅರ್ಥ ಬೆಳ್ಳಗಿರುವುದು ಎಂದಿರಲ್ಲ, ಅದು ನನಗೆ ರುಚಿಸಿತು. ನಮ್ಮಲ್ಲಿಯೂ ಅದೇ ಕಥೆ. ಬಿಳಿ, ಬೆಳ್ಳಿ, ಬೆಳದಿಂಗಳು, ಬೆಳಗು, ಬೆಳಕು ಎಲ್ಲ ಒಂದೇ ಬೇರಿನವು. ರೋಮಿನವನಿಗೂ ನಮ್ಮ ಒಕ್ಕಲಿಗನಿಗೂ ಕತ್ತಲೆ ಹೋದದ್ದು ಮೊದಲು ಬಣ್ಣವಾಗಿಯೇ ಕಂಡಿರಬೇಕು.” ಅಷ್ಟು ಹೇಳಿದ ಮೇಲೆ ತಾವು ಬಿಟ್ಟುಕೊಟ್ಟಂತಾಯಿತೆಂದು ಅವರಿಗೇ ಅನುಮಾನ ಬಂದು, “ಆದರೂ ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವುದು ತಕ್ಕುದೇ ಎಂದು, ಕನ್ನಡಕ್ಕೆ ಸಂಸ್ಕೃತ ಬೆರೆಸುವವರನ್ನು ಕವಿ ನಯಸೇನ ಕೇಳಿದ್ದಾನೆ” ಎಂದು ಸೇರಿಸಿದರು.

“ಅಡುಗೆಯಲ್ಲಿ ತಕ್ಕುದಲ್ಲ. ದೀಪದಲ್ಲಿ ಎರಡೂ ಉರಿಯುತ್ತವೆ” ಎಂದರು ಸಾಹೇಬರು. ಈ ವಾದಕ್ಕೆ ಉತ್ತರ ಇರಬಹುದು, ಆದರೆ ಭಜಿ ಆರುತ್ತಿತ್ತು.

ನನಗೆ ಕಂದೀಲು ಎಂದೊಡನೆ ಕಾಣುವುದು ಸಂಜೆ ಐದೂವರೆಯ ನಮ್ಮ ಪಡಸಾಲೆ. ಅವ್ವ ಗಾಜನ್ನು ಬಿಚ್ಚಿ, ಅರಿವೆಯನ್ನು ಒಲೆಯ ಬೂದಿಯಲ್ಲಿ ಅದ್ದಿ ಒಳಗೆ ತಿಕ್ಕುತ್ತಿದ್ದಳು. ಗಾಜಿನ ನಡು ಉಬ್ಬಿರುವಲ್ಲಿಗೆ ದೊಡ್ಡವರ ಕೈ ಹೋಗುವುದಿಲ್ಲವಾದ್ದರಿಂದ ಆ ಜಾಗದ ಮಸಿಗೆ ನನ್ನನ್ನು ಕೂಗುತ್ತಿದ್ದಳು. ಸುಟ್ಟ ಬತ್ತಿಯ ಅಂಚನ್ನು ಅಡಕೊತ್ತಿನಿಂದ ನೇರ ಕತ್ತರಿಸಬೇಕು, ಒಂದು ಮೂಲೆ ಎದ್ದಿದ್ದರೂ ಜ್ವಾಲೆಗೆ ಕೋಡು ಮೂಡಿ ಗಾಜು ಒಂದೇ ಕಡೆ ಕಪ್ಪಾಗುತ್ತದೆ. ಪಕ್ಕದ ಕಿವಿ ತಿರುವಿದರೆ ಬತ್ತಿ ಏರುತ್ತಿತ್ತು. ಚಿಮಣಿ ಎಣ್ಣೆ ತುಟ್ಟಿಯಾದ ದಿನಗಳಲ್ಲಿ ಅಪ್ಪ ಆ ಕಿವಿಯನ್ನೂ ನನ್ನ ಕಿವಿಯನ್ನೂ ಸರದಿಯ ಮೇಲೆ ತಿರುವುತ್ತಿದ್ದ. ಮಲಗುವಾಗ ಆರಿಸು ಎನ್ನುವಂತಿರಲಿಲ್ಲ, ದೀಪ ದೊಡ್ಡದು ಮಾಡು ಎನ್ನಬೇಕಿತ್ತು. ಸಾಹೇಬರ ಮನೆಯಲ್ಲಿಯೂ ಚಿರಾಗ್ ಬಢಾನಾ ಎಂದರೆ ಚಿರಾಗನ್ನು ಆರಿಸುವುದೇ ಅಂತೆ. ಅಶುಭವನ್ನು ಬಾಯಲ್ಲಿ ಆಡದೆ ಕೆಲಸ ಮಾಡಿಸುವ ವಿದ್ಯೆಯಲ್ಲಿ ಎರಡು ಭಾಷೆಗಳೂ ಕೂಡಿ ಉಸಿರೂದಿವೆ.

ಇಷ್ಟರಲ್ಲಿ ಹುಡುಗ ಒಳಗಿನಿಂದ ಒಂದು ಬಲ್ಬಿನ ಡಬ್ಬಿ ತಂದು ಮುಂದಿಟ್ಟ. ಅವನು ಪದವಿಯಲ್ಲಿ ಭೌತಶಾಸ್ತ್ರ ಓದಿದವನು ಎಂಬುದನ್ನು ನಾವು ಮರೆತಿದ್ದೆವು. “ಇಲ್ಲಿ ಲ್ಯೂಮೆನ್ ಎಂದು ಬರೆದಿದೆ ನೋಡಿರಿ ಕಾಕಾ. ಆ ಲ್ಯೂಮೆನ್ನನ್ನು ಲೆಕ್ಕ ಹಾಕುವುದು ಕ್ಯಾಂಡೆಲಾ ಎಂಬ ಮಾನದಿಂದ. ಜಗತ್ತಿನ ಏಳು ಮೂಲಮಾನಗಳಲ್ಲಿ ಅದೊಂದು, ಮೀಟರು, ಕಿಲೋಗ್ರಾಮುಗಳ ಸಾಲಿನಲ್ಲಿ ಕೂಡುವಂಥದು. ಒಂದು ಮೊಂಬತ್ತಿಯ ಬೆಳಕು ಎಷ್ಟೋ, ಸುಮಾರು ಅಷ್ಟೇ ಒಂದು ಕ್ಯಾಂಡೆಲಾ. ಅಂದರೆ ನಾನು ಮಾರುವ ಪ್ರತಿಯೊಂದು ಡಬ್ಬಿಯ ಮೇಲೂ ಸಾಹೇಬರ ಕಾಂದೇಲಾವೇ ಕುಳಿತಿದೆ.” ಡಬ್ಬಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ, ಎಣ್ಣೆಯ ಬೆರಳುಗುರುತುಗಳೊಡನೆ, ಇನ್ನು ಮಾರಲಾಗದ ಸ್ಥಿತಿಯಲ್ಲಿ ಹಿಂದಿರುಗಿತು.

ಕಂದೀಲು ಎಂದು ತೀರ್ಮಾನವಾಯಿತು.

ಏಣಿಯ ಮೇಲಿನಿಂದ ಪೇಂಟರು ಆಗ ಕೇಳಿದ: “ಕಂದೀಲ್ ಎಂದು ಬರೆಯಲೋ, ಕಂದೀಲ ಎಂದು ಬರೆಯಲೋ, ಕಂದೀಲು ಎಂದು ಬರೆಯಲೋ? ಕೊಂಬು ಬೇಕಾದರೆ ಬಣ್ಣ ಹೆಚ್ಚು ಹಿಡಿಯುತ್ತದೆ.”

ನಾವೆಲ್ಲ ಮತ್ತೆ ಕೂತೆವು. ಕಂದೀಲ್ ಎಂದು ನಿಲ್ಲಿಸುವುದೇ ಸರಿಯಾದ ಉಚ್ಚಾರ ಎಂದರು ಸಾಹೇಬರು. ಓಣಿಯಲ್ಲಿ ಜನರ ಬಾಯಲ್ಲಿರುವುದು ಕಂದೀಲ ಎಂದು ವಕೀಲರು ಸಾಕ್ಷಿ ನುಡಿದರು. ಮಾಸ್ತರರಿಗೆ ಈಗ ಕಳೆದುಕೊಂಡ ನೆಲವನ್ನೆಲ್ಲ ಒಮ್ಮೆಗೇ ಗಳಿಸುವ ಅವಕಾಶ ಕಂಡಿತು. “ಬಸ್ಸು, ಕೋರ್ಟು, ಬಲ್ಬು, ನೋಟು, ಯಾರು ಬಂದರೂ ನಾವು ಕೊನೆಗೊಂದು ಉಕಾರ ಕೊಟ್ಟು ಒಳಗೆ ಕರೆದುಕೊಂಡಿದ್ದೇವೆ. ಕಾಂದೇಲಾ ರೋಮಿನದಾಗಲಿ, ಕಿಂದೀಲ್ ಅರಬ್ಬಿಯದಾಗಲಿ, ಆ ಕೊಂಬು ಮಾತ್ರ ನಮ್ಮದು. ಬಣ್ಣದ ದುಡ್ಡು ನಾನು ಕೊಡುತ್ತೇನೆ” ಎಂದು ಜೇಬಿಗೆ ಕೈಹಾಕಿದರು. ಮೂವತ್ತು ವರ್ಷಗಳ ಗೆಳೆತನದಲ್ಲಿ ನಾನು ಆ ಕೈ ಆ ಜೇಬಿಗೆ ಹೋದದ್ದನ್ನು ನೋಡಿದ್ದು ಅದೇ ಮೊದಲು.

ಸಾಹೇಬರ ಮುಖ ಸಣ್ಣದಾಯಿತು. ಪೊಟ್ಟಣ ಖಾಲಿಯಾಗಿ ನನ್ನ ಕೈ ಬಿಡುವಾದದ್ದರಿಂದ ನಾನೂ ಒಂದು ಮಾತು ಹೇಳಿದೆ. ಕಂದೀಲಿಗೆ ಲಾಟೀನು ಎಂಬ ಇನ್ನೊಂದು ಹೆಸರಿದೆಯಲ್ಲ, ಅದು ಲ್ಯಾಂಟರ್ನ್ ಎಂಬ ಮಾತಿನಿಂದ ಬಂದದ್ದು. ಹಿಂದೆ ಇಂಗ್ಲೆಂಡಿನಲ್ಲಿ ಅದಕ್ಕೆ ಗಾಜಿನ ಬದಲು ದನದ ಕೊಂಬನ್ನು ತೆಳ್ಳಗೆ ಸೀಳಿ, ಆಚೆಯ ಬೆಳಕು ಕಾಣುವಂತೆ ತೀಡಿ ಕೂರಿಸುತ್ತಿದ್ದರು. ಅದನ್ನು ಕಂಡ ಜನ ಹೆಸರೇ ಕೊಂಬಿನಿಂದ ಬಂದಿದೆ ಎಂದು ತಿಳಿದು ಹಾರ್ನ್ ಸೇರಿಸಿ ಲ್ಯಾಂಟ್‌ಹಾರ್ನ್ ಎಂದು ಬರೆಯುತ್ತಿದ್ದರು. ತಪ್ಪೇ ಸರಿ, ಆದರೆ ದೀಪದ ಹೆಸರಿಗೆ ಕೊಂಬು ಹಚ್ಚಿದವರಲ್ಲಿ ನಾವು ಮೊದಲಿಗರಲ್ಲ.

“ಹಾಗಿದ್ದರೆ ಹಚ್ಚಲಿ” ಎಂದರು ಸಾಹೇಬರು. “ಆದರೆ ಸಣ್ಣದಾಗಿ.”

“ಸಣ್ಣದೋ ದೊಡ್ಡದೋ, ನನಗೆ ಲಕಾರವೇ ಕಾಣಿಸುತ್ತಿಲ್ಲ” ಎಂದ ಪೇಂಟರು. ಏಳೂ ಕಾಲಾಗಿತ್ತು. ಅಂಗಡಿಗೆ ಮೀಟರು ಇನ್ನೂ ಬಂದಿರಲಿಲ್ಲ. ಗೋಡೆಯ ತುಂಬ ಇದ್ದ ಇನ್ನೂರು ಬಲ್ಬುಗಳಲ್ಲಿ ಒಂದೂ ಹತ್ತುವಂತಿರಲಿಲ್ಲ. “ಯಾರಾದರೂ ಬ್ಯಾಟರಿ ಹಿಡಿಯಿರಿ” ಎಂದು ಅವನು ಕೂಗಿದಾಗ ನಾಲ್ವರೂ ಮೊಬೈಲು ತೆಗೆದು ಬೋರ್ಡಿನ ಕಡೆ ಹಿಡಿದೆವು. ಬ್ಯಾಟರಿ ಎಂಬ ಮಾತು ಮೂಲತಃ ಬಡಿಯುವುದಕ್ಕೆ ಸಂಬಂಧಿಸಿದ್ದು ಎಂದು ಮಾಸ್ತರರು ಬಾಯಿ ತೆರೆದರು. ಹುಡುಗ ಅವರ ಬಾಯಿಗೆ ಉಳಿದಿದ್ದ ಕೊನೆಯ ಭಜಿಯನ್ನು ಇಟ್ಟ.