ಸಹಾಯ ಬೇಕು: ಕ್ಯಾರವಾನ್ ಜಾಕಿ ವೀಲ್ ಕ್ಲ್ಯಾಂಪ್‌ನಲ್ಲಿ ಜಾರುತ್ತಿದೆ

ಎಲ್ಲರಿಗೂ ನಮಸ್ಕಾರ. ಒಂದೇ ಆಕ್ಸಲ್‌ನ ಕ್ಯಾರವಾನ್, ಸಾಮಾನು ತುಂಬಿದಾಗ 900 ಕೆಜಿ. ಕಾರಿನಿಂದ ಬಿಚ್ಚಿದಾಗ ಮುಂಭಾಗ ಹೊರುವ ಚಿಕ್ಕ ಚಕ್ರ, ಅಂದರೆ ಜಾಕಿ ವೀಲ್‌ನ ಪೈಪ್ 48 ಮಿಮೀ. ಕ್ಲ್ಯಾಂಪ್ ಎಷ್ಟೇ ಬಿಗಿ ಮಾಡಿದರೂ ಪೈಪ್ ನಿಧಾನಕ್ಕೆ ಜಾರುತ್ತದೆ.

ಹೊರಪೈಪ್‌ಗೆ ಗ್ರೀಸ್ ತಾಗಿಲ್ಲ, ಒರೆಸಿ ನೋಡಿದ್ದಾಗಿದೆ (ಗ್ರೀಸ್ ಬೇಕಿರೋದು ಒಳಗಿನ ಸ್ಕ್ರೂಗೆ ಮಾತ್ರ). ವರ್ನಿಯರ್ ಇಟ್ಟರೆ ಒಂದು ಕಡೆ 48, ಅಡ್ಡಕ್ಕೆ 46.5. ಅಂದರೆ ಅತಿಯಾಗಿ ಬಿಗಿದು ಪೈಪ್ ಮೊಟ್ಟೆಯಾಕಾರ ಆಗಿದೆ. ಹೀಗಾದ ಪೈಪ್‌ಗೆ ಕ್ಲ್ಯಾಂಪ್ ಬದಲಿಸಿ ಉಪಯೋಗವಿಲ್ಲ, ಎರಡನ್ನೂ ಒಟ್ಟಿಗೇ ಹಾಕಬೇಕು.

ನೋಸ್ ವೇಟ್ (ಕ್ಯಾರವಾನ್‌ನ ಮೂತಿ ಕಾರಿನ ಮೇಲೆ ಹಾಕುವ ಭಾರ) ಕೂಡ ಹೆಚ್ಚಿತ್ತು. ಅಳೆದದ್ದು ಹೀಗೆ: ಸಮತಟ್ಟು ನೆಲ, ಚಕ್ರಕ್ಕೆ ಅಡ್ಡಗಲ್ಲು, ಬಾತ್‌ರೂಮ್ ತೂಕದ ಯಂತ್ರ. ಅದರ ಮೇಲೆ ಟೋ ಬಾಲ್‌ನ (ಕಾರಿನ ಹಿಂದೆ ಕ್ಯಾರವಾನ್ ಸಿಕ್ಕಿಸುವ ಗುಂಡು) ಎತ್ತರಕ್ಕೆ ಕತ್ತರಿಸಿದ ಮರದ ತುಂಡು, ಅದರ ಮೇಲೆ ಕಪ್ಲಿಂಗ್ (ಟೋ ಬಾಲ್ ಹಿಡಿಯುವ ಕ್ಯಾರವಾನ್‌ನ ಮೂತಿ). ಜಾಕಿ ವೀಲ್ ಪೂರ್ತಿ ಮೇಲೆತ್ತಿದಾಗ 78 ಕೆಜಿ ಬಂತು. ಟೋಬಾರ್‌ನ (ಟೋ ಬಾಲ್ ಕೂರಿಸಿದ ಕಂಬಿ) ಮಿತಿ 75. ಸಾಮಾನ್ಯವಾಗಿ ಒಟ್ಟು ತೂಕದ 5ರಿಂದ 7 ಶೇಕಡಾ ಸಾಕು, ಅಂದರೆ 45–63. ಬ್ಯಾಟರಿ, ನೀರಿನ ಕ್ಯಾನ್ ಆಕ್ಸಲ್ ಹತ್ತಿರಕ್ಕೆ ಸರಿಸಿದ ಮೇಲೆ 60. ತೀರಾ ಹಿಂದಕ್ಕೆ ತಳ್ಳಿದರೆ ಬೆಂಗಳೂರಿನ ನೈಸ್ ರಸ್ತೆಯಲ್ಲಿ ಕ್ಯಾರವಾನ್‌ನ ಬಾಲ ಅಲ್ಲಾಡುತ್ತೆ, ಆ ದಾರಿ ಬೇಡ.

ಈಗ ಕೇಳೋದು ಇಷ್ಟೇ: 48 ಮಿಮೀ ಜಾಕಿ ವೀಲ್ ಮತ್ತು ಕ್ಲ್ಯಾಂಪ್ ಜೆ.ಸಿ. ರಸ್ತೆ ಅಥವಾ ಕಲಾಸಿಪಾಳ್ಯದಲ್ಲಿ ರೆಡಿ ಸಿಗುತ್ತಾ? ಇಲ್ಲವಾದರೆ ಪೀಣ್ಯದಲ್ಲಿ ಒಂದೇ ಒಂದು ಪೈಪ್‌ಗೆ ಲೇತ್ ಕೆಲಸ ಮಾಡಿಕೊಡೋರು ಇದ್ದಾರಾ? ಗೋಡೆದಪ್ಪ ಕನಿಷ್ಠ 3 ಮಿಮೀ ಇರಲಿ. ವೆಲ್ಡ್ ಮಾಡಿ ಅಂಟಿಸಿಬಿಡಿ ಅನ್ನೋ ಸಲಹೆ ಮಾತ್ರ ಬೇಡ, ಓಡಿಸುವಾಗ ವೀಲ್ ಮೇಲೇಳಲೇಬೇಕು.